ಕ್ಯಾಂಪಿಂಗ್ ಮತ್ತು ಫೋಟೋಗ್ರಫಿ ಕ್ಲಬ್ಬಿನ ವಾರ್ಷಿಕೋತ್ಸವ ಬಯಲಲ್ಲಿ ಮಾಡ್ತೀರಾ? ಮೊದಲು ಚಂದ್ರನನ್ನು ನೋಡಿ

ಈ ಸಲದ ವಾರ್ಷಿಕೋತ್ಸವ ನಾಲ್ಕು ಗೋಡೆ ಮಧ್ಯೆ ಬೇಡ, ಬಯಲಲ್ಲೇ ಮಾಡೋಣ ಅಂತ ನಮ್ಮ ಕ್ಲಬ್ಬಿನಲ್ಲಿ ತೀರ್ಮಾನವಾಯಿತು. ಶನಿವಾರ ಮಧ್ಯಾಹ್ನ ಹೋಗಿ ಟೆಂಟ್ ಹಾಕೋದು, ರಾತ್ರಿ ಅಲ್ಲೇ ಇದ್ದು ಭಾನುವಾರ ವಾಪಸ್. ಕೇಳೋದಕ್ಕೆ ಸುಲಭ. ಆದರೆ ಇಂಥ ಕ್ಲಬ್ಬಿನಲ್ಲಿ ಎರಡು ಥರದ ಜನ ಇರುತ್ತಾರೆ. ಬೆಂಕಿ ಸುತ್ತ ಕೂತು ಹರಟೆ ಹೊಡೆಯಲು ಬಂದವರು ಒಂದು ಕಡೆ, ಟ್ರೈಪಾಡ್ ಹೂಡಿಕೊಂಡು ನಕ್ಷತ್ರದ ಫೋಟೋ ತೆಗೆಯುತ್ತಾ ಚೂರು ಬೆಳಕು ಬಿದ್ದರೂ ಸಿಡುಕುವವರು ಇನ್ನೊಂದು ಕಡೆ. ಇಬ್ಬರಿಗೂ ಜಗಳ ಬಾರದ ಹಾಗೆ ರಾತ್ರಿಯನ್ನು ಹಂಚಿಕೊಡುವುದೇ ದೊಡ್ಡ ಕೆಲಸ. ಉಳಿದದ್ದೆಲ್ಲ ಹೇಗೋ ಆಗುತ್ತೆ.

ನಮ್ಮನ್ನು ಕಾಪಾಡಿದ್ದು ದಿನಾಂಕ. ಕ್ಲಬ್ ಶುರುವಾದ ದಿನಕ್ಕೆ ಹತ್ತಿರದ ಶನಿವಾರವೇ ಆಗಬೇಕು ಅಂತ ಕೆಲವರು ಹಟ ಹಿಡಿದಿದ್ದರು. ಅದನ್ನು ಬಿಟ್ಟುಬಿಡಿ. ಅಮಾವಾಸ್ಯೆ ಕಳೆದು ಮೂರ್ನಾಲ್ಕು ದಿನಕ್ಕೆ ಬರುವ ಶನಿವಾರ ಆರಿಸಿಕೊಳ್ಳಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮುಳುಗುತ್ತಾನೆ, ಹಾಗಾಗಿ ಅಮಾವಾಸ್ಯೆ ಆದ ನಾಲ್ಕನೇ ದಿನ ಸೂರ್ಯ ಮುಳುಗಿದ ಮೇಲೂ ಹೆಚ್ಚುಕಮ್ಮಿ ಮೂರು ಗಂಟೆ ಆಕಾಶದಲ್ಲಿರುತ್ತಾನೆ. ಆ ಮೂರು ಗಂಟೆ ಬೆಂಕಿ, ಊಟ, ಮಾತು, ಸ್ಲೈಡ್ ಶೋ ಎಲ್ಲಾ ಮುಗಿಸಿ. ಚಂದ್ರ ಮುಳುಗಿದ ಮೇಲೆ ದೀಪ ಆರಿಸಿ. ಆಮೇಲೆ ರಾತ್ರಿ ನಕ್ಷತ್ರದವರದ್ದು. ಯಾರೂ ಯಾರಿಗೂ ಸುಮ್ಮನಿರಿ ಅನ್ನಬೇಕಾಗಿಲ್ಲ, ಸಮಯ ಹೇಳೋಕೆ ಚಂದ್ರನೇ ಇದ್ದಾನೆ ಅಲ್ವಾ. ಹುಣ್ಣಿಮೆಯಲ್ಲಿ ಬಯಲು ಚೆನ್ನಾಗಿ ಕಾಣುತ್ತೆ ನಿಜ, ಆದರೆ ಆವತ್ತು ಚಂದ್ರ ಸಂಜೆಗೆ ಹುಟ್ಟಿ ಬೆಳಗಿನವರೆಗೂ ಇರುತ್ತಾನೆ, ಆಕಾಶಗಂಗೆ ಮರೆತುಬಿಡಿ.

ಜಾಗ ನೋಡುವಾಗ ನೀರಿನ ಅಂಚಿಗೆ ಹೋಗಿ ಟೆಂಟ್ ಹಾಕಬೇಡಿ. ನೀರು ಏರಬಹುದು ಅನ್ನೋದು ಒಂದು ಕಾರಣ. ತಣ್ಣನೆ ಗಾಳಿ ಭಾರ, ರಾತ್ರಿ ತಗ್ಗಿನಲ್ಲೇ ಬಂದು ನಿಲ್ಲುತ್ತೆ, ಇದು ಇನ್ನೊಂದು. ಸ್ವಲ್ಪ ಎತ್ತರದಲ್ಲಿ ಟೆಂಟ್ ಹಾಕಿದ್ದವರು ಬೆಳಗ್ಗೆ ನಗುತ್ತಾ ಎದ್ದರು, ಕೆಳಗಿದ್ದವರ ಟೆಂಟ್ ಒಳಗೂ ಹೊರಗೂ ತೊಪ್ಪೆ. ತಲೆ ಮೇಲೆ ಒಣಕೊಂಬೆ ಇದೆಯಾ ನೋಡಿ. ಗಾಳಿಕಿಂಡಿ ಮುಚ್ಚಬೇಡಿ, ನಮ್ಮ ಉಸಿರಿನ ತೇವವೇ ಬಟ್ಟೆಗೆ ಹತ್ತಿ ಹನಿಯಾಗುತ್ತೆ. ಚಳಿ ಅಂತ ಕೆಂಡವನ್ನೋ ಸ್ಟೌವನ್ನೋ ಟೆಂಟ್ ಒಳಗೆ ತರುವ ಮಾತೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಮತ್ತೆ, ಎಲ್ಲಾ ಟೆಂಟ್ ಒಂದೇ ಕಡೆ ಇರಲಿ, ಟ್ರೈಪಾಡ್‌ಗೆ ಬೇರೆ ಜಾಗ ಬಿಡಿ. ಟೆಂಟಿನ ಹಗ್ಗಗಳಿಗೆ ಬಿಳಿ ಬಟ್ಟೆ ಚೂರು ಕಟ್ಟಿ, ಕತ್ತಲಲ್ಲಿ ಎಡವುವುದು ಟೆಂಟಿಗಿಂತ ಕ್ಯಾಮೆರಾಗೆ ಜಾಸ್ತಿ ದುಬಾರಿ.

ಸ್ಲೈಡ್ ಶೋ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಬಿಟ್ಟರೆ ಒಬ್ಬೊಬ್ಬರೂ ವರ್ಷದ ಫೋಟೋ ಪೂರ್ತಿ ತೋರಿಸುತ್ತಾರೆ. ಒಬ್ಬರಿಗೆ ಹತ್ತು ಫೋಟೋ ಅಂತ ಮೊದಲೇ ಹೇಳಿ, ಹಿಂದಿನ ವಾರವೇ ಎಲ್ಲರದ್ದೂ ಒಂದೇ ಫೋಲ್ಡರಿಗೆ ಹಾಕಿಸಿಕೊಳ್ಳಿ. ಸಾಮಾನ್ಯ ಫುಲ್ ಎಚ್‌ಡಿ ಪ್ರೊಜೆಕ್ಟರಿಗೆ 1920 ಪಿಕ್ಸೆಲ್ ಅಗಲ ಇದ್ದರೆ ಸಾಕು, ದೊಡ್ಡ ಫೈಲ್ ತಂದು ಬ್ಯಾಟರಿ ತಿನ್ನಿಸಬೇಡಿ. ಪರದೆಗೆ ಬಿಳಿ ಬೆಡ್‌ಶೀಟ್ ಆಗುತ್ತೆ, ಆದರೆ ನಾಲ್ಕೂ ಮೂಲೆ ಬಿಗಿಯಾಗಿ ಎಳೆದು ಕಟ್ಟಬೇಕು. ಭಾಷಣ ಚಿಕ್ಕದಿದ್ದಷ್ಟೂ ಒಳ್ಳೇದು.

ಈಗ ರಾತ್ರಿಯ ವಿಷಯ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಯಾರಾದರೂ ಒಂದು ಸಲ ಬಿಳಿ ಟಾರ್ಚ್ ಹಾಕಿದರೆ ಅಷ್ಟೂ ಹೊತ್ತು ಹಾಳು. ಅದಕ್ಕೇ ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ಬೇಕು. ಕೆಲವು ಹೆಡ್‌ಲ್ಯಾಂಪ್‌ಗಳಲ್ಲಿ ಬಿಳಿ ಬೆಳಕು ಹತ್ತಿದ ಮೇಲೇ ಕೆಂಪು ಬರುವುದು, ಹಾಗಾಗಿ ಗುಂಡಿ ಒತ್ತುವಾಗ ಅಂಗೈ ಅಡ್ಡ ಇಟ್ಟುಕೊಳ್ಳಿ. ಫೋನಿನ ಪರದೆಯೂ ಟಾರ್ಚೇ, ನೆನಪಿರಲಿ.

ಫೋಕಸ್ ಅನ್ನು ಆಟೋದಲ್ಲಿ ಬಿಟ್ಟರೆ ಕತ್ತಲಲ್ಲಿ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತೆ. ಮ್ಯಾನ್ಯುಯಲ್‌ಗೆ ಹಾಕಿ, ಕ್ಯಾಮೆರಾ ಪರದೆಯಲ್ಲಿ ಒಂದು ಪ್ರಕಾಶದ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಲೆನ್ಸಿನ ಫೋಕಸ್ ರಿಂಗ್ ನಿಧಾನ ತಿರುಗಿಸಿ. ಊದಿಕೊಂಡ ಚುಕ್ಕಿ ಕುಗ್ಗುತ್ತಾ ಬಂದು ಸೂಜಿಮೊನೆಯಷ್ಟಾಗಿ, ಮತ್ತೆ ಊದಲು ಶುರುವಾಗುತ್ತೆ. ಆ ಸೂಜಿಮೊನೆಗೆ ವಾಪಸ್ ತಂದು ರಿಂಗಿಗೆ ಟೇಪ್ ಅಂಟಿಸಿ. ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಎಫ್ ಅಂಕಿ 2.8, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ 3200, ಇಲ್ಲಿಂದ ಶುರು ಮಾಡಿ. ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದಕ್ಕೆ ಹಳೇ ಲೆಕ್ಕ, 500ನ್ನು ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಭಾಗಿಸುವುದು. 20 ಎಂಎಂ ಆದರೆ 25 ಸೆಕೆಂಡ್. ಬೆಳಕು ಹಿಡಿಯುವ ಫಲಕ ಚಿಕ್ಕದಿರುವ ಕ್ರಾಪ್ ಸೆನ್ಸರ್ ಕ್ಯಾಮೆರಾ ಇದ್ದರೆ ಇನ್ನೊಂದು ಸಲ 1.5ರಿಂದ ಭಾಗಿಸಿ, 16-17 ಸೆಕೆಂಡಿಗೆ ಬರುತ್ತೆ. ಈಗಿನ ಜಾಸ್ತಿ ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಅದಕ್ಕಿಂತಲೂ ಕಮ್ಮಿ ಇಟ್ಟರೇ ನಕ್ಷತ್ರ ಗೆರೆಯಾಗದೆ ಚುಕ್ಕಿಯಾಗಿ ಉಳಿಯುವುದು.

ಮಧ್ಯರಾತ್ರಿ ಆಗುವ ಹೊತ್ತಿಗೆ ಒಬ್ಬರಾದ ಮೇಲೆ ಒಬ್ಬರ ಫೋಟೋದಲ್ಲಿ ನಕ್ಷತ್ರಗಳು ಮಸುಕಾಗತೊಡಗಿದವು. ಫೋಕಸ್ ಹೋಯಿತು ಅಂತ ಪಕ್ಕದವರು ಟೇಪ್ ಕೀಳೋಕೆ ಹೊರಟರು. ಕೆಂಪು ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಲೆನ್ಸಿನ ಮೇಲೆ ತೆಳ್ಳಗೆ ಇಬ್ಬನಿ. ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತೆ, ಒರೆಸಿದರೂ ಮತ್ತೆ ಕೂರುತ್ತೆ. ಕೈ ಬೆಚ್ಚಗಿಡುವ ಚಿಕ್ಕ ಪೊಟ್ಟಣ ಸಿಗುತ್ತಲ್ಲ, ಅದನ್ನು ರಬ್ಬರ್ ಬ್ಯಾಂಡ್ ಹಾಕಿ ಲೆನ್ಸಿಗೆ ಸುತ್ತಿದವರು ಬೆಳಗಿನವರೆಗೂ ತೆಗೆದರು. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ತಣ್ಣಗಿರುವ ಕ್ಯಾಮೆರಾವನ್ನು ಬೆಚ್ಚಗಿರುವ ಕಾರಿಗೋ ಕೋಣೆಗೋ ಒಯ್ಯುವ ಮುಂಚೆ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ತೇವ ಚೀಲಕ್ಕೆ ಹತ್ತಲಿ, ಕ್ಯಾಮೆರಾಗೆ ಬೇಡ.

ಗ್ರೂಪ್ ಫೋಟೋ ಭಾನುವಾರ ಬೆಳಗ್ಗೆ, ಟೆಂಟ್ ಕೀಳುವ ಮುಂಚೆ ತೆಗೆಯಿರಿ. ಬಿಸಿಲು ಕಣ್ಣಿಗೆ ಹೊಡೆಯದ ಹಾಗೆ ನೆರಳಲ್ಲಿ ನಿಲ್ಲಿಸಿ, ಎಫ್ 8, ಒಂದರ ಹಿಂದೆ ಒಂದು ಏಳೆಂಟು ಕ್ಲಿಕ್. ಅಷ್ಟು ಜನರಲ್ಲಿ ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ. ಎಲ್ಲರೂ ಫೋಟೋಗ್ರಾಫರುಗಳೇ ಆದ್ದರಿಂದ ಹೇಗೆ ನಿಲ್ಲಬೇಕು ಅಂತ ಎಲ್ಲರೂ ಹೇಳುತ್ತಾರೆ, ಒಬ್ಬರ ಮಾತು ಮಾತ್ರ ನಡೆಯಲಿ. ಇನ್ನೊಂದು, ಹೋದ ತಕ್ಷಣ ಎಲ್ಲರ ಕ್ಯಾಮೆರಾದ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿಕೊಳ್ಳಿ. ಆಮೇಲೆ ಎಲ್ಲರ ಫೋಟೋ ಒಂದು ಕಡೆ ಸೇರಿಸಿದಾಗ ತಾನಾಗೇ ಸಾಲಾಗಿ ಕೂರುತ್ತವೆ.

ಟೆಂಟ್ ಒದ್ದೆಯಿದ್ದರೆ ಬಿಸಿಲು ಏರುವವರೆಗೆ ಕಾಯಿರಿ. ಆಗದಿದ್ದರೆ ಮನೆಗೆ ಹೋದ ಕೂಡಲೇ ಬಿಡಿಸಿ ಹರವಿ, ಮಡಿಸಿಟ್ಟರೆ ಬೂಷ್ಟು ಗ್ಯಾರಂಟಿ. ಗೂಟಗಳನ್ನು ಹೊಡೆಯುವಾಗಲೇ ಎಣಿಸಿಕೊಂಡಿರಿ.