ಮಕ್ಕಳ ಬೆನ್ನುಡಿ: ಒಂಬತ್ತು ವಾರದ ಲೆಕ್ಕ

ಮಕ್ಕಳ ಪುಸ್ತಕಕ್ಕೂ ಬೆನ್ನುಡಿ ಬರೆಯುವವರು ದೊಡ್ಡವರೇ. ಆ ಕೆಲಸವನ್ನು ಓದುವ ಮಕ್ಕಳ ಕೈಗೇ ಕೊಟ್ಟರೆ ಏನಾಗುತ್ತದೆ ನೋಡೋಣ ಅಂತ ನಮ್ಮ ಪುಟ್ಟ ಓದುಕೋಣೆಯಲ್ಲಿ ಶುರು ಮಾಡಿದ್ದು ಇದು. ಇರುವುದು ಎರಡು ಕಪಾಟು, ಇನ್ನೂರರ ಹತ್ತಿರ ಪುಸ್ತಕ. ಶನಿವಾರ ಒಂದು ಗುಂಪು ಬರುತ್ತದೆ, ಭಾನುವಾರ ಇನ್ನೊಂದು. ಐದು ವರ್ಷದವರಿಂದ ಹದಿಮೂರರವರ ತನಕ ಇದ್ದಾರೆ. ಓದಿ ಮುಗಿಸಿದವರು ಒಂದು ಚೀಟಿ ಬರೆಯಬೇಕು, ಅದು ಪುಸ್ತಕದೊಳಗಿಂದ ತಲೆ ಹೊರಗೆ ಹಾಕಿಕೊಂಡು ಕೂತಿರಬೇಕು, ಅದನ್ನು ನೋಡಿ ಮತ್ತೊಬ್ಬರು ಪುಸ್ತಕ ಎತ್ತಿಕೊಳ್ಳಬೇಕು. ಇಷ್ಟೇ ಯೋಜನೆ. ವಾರವಾರ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ಸ್ವಲ್ಪ ನೇರ ಮಾಡಿ ಇಲ್ಲಿ ಇಟ್ಟಿದ್ದೇನೆ.

1ನೇ ವಾರ

ಪೋಸ್ಟ್‌ಕಾರ್ಡ್ ಅಳತೆಗೆ ರಟ್ಟು ಕತ್ತರಿಸಿ, ಸ್ಕೇಲ್ ಇಟ್ಟು ಗೆರೆ ಹಾಕಿ, ಚಂದದ ನಮೂನೆ ಮಾಡಿದ್ದೆ: ಪುಸ್ತಕದ ಹೆಸರು, ಲೇಖಕರು, ಕಥಾಸಾರ, ಇಷ್ಟವಾದ ಪಾತ್ರ, ಕಲಿತ ನೀತಿ, ಕೊನೆಯಲ್ಲಿ ಬಣ್ಣ ತುಂಬಲು ಐದು ನಕ್ಷತ್ರ.

23 ಚೀಟಿ ಬಂದವು. 19ರಲ್ಲಿ ಇದ್ದದ್ದು ಒಂದೇ ಮಾತು: "ಈ ಪುಸ್ತಕ ತುಂಬಾ ಚೆನ್ನಾಗಿದೆ. ಎಲ್ಲರೂ ಓದಲೇಬೇಕು." ಎಲ್ಲದಕ್ಕೂ ಐದಕ್ಕೆ ಐದು ನಕ್ಷತ್ರ. ಇಬ್ಬರು ಹಿಂಬದಿಯ ಬೆನ್ನುಡಿಯನ್ನೇ ಅಕ್ಷರ ಬಿಡದೆ ಇಳಿಸಿದ್ದರು. ಎಂಟು ವರ್ಷದ ಹುಡುಗನೊಬ್ಬನ ಚೀಟಿಯಲ್ಲಿ "ಮಕ್ಕಳ ಮನವರಳಿಸುವ ಕೃತಿ" ಅಂತ ಓದಿದಾಗಲೇ ಅನುಮಾನ ಬಂದಿತ್ತು. "ಕಲಿತ ನೀತಿ" ಎಂಬ ಜಾಗದಲ್ಲಿ ಹೆಚ್ಚಿನವರು "ಸುಳ್ಳು ಹೇಳಬಾರದು" ಅಂತ ಬರೆದಿದ್ದರು. ಅದರಲ್ಲಿ ಒಂದು ಡೈನೋಸಾರ್‌ಗಳ ಪುಸ್ತಕ.

ಹೋಗುವಾಗ ಒಬ್ಬಳು ಕೇಳಿದಳು, "ಅಕ್ಕಾ, ಇದು ಹೋಮ್‌ವರ್ಕಾ?" ತಪ್ಪು ಮಕ್ಕಳದ್ದಲ್ಲ, ನನ್ನ ನಮೂನೆಯದ್ದು.

2ನೇ ವಾರ

ಶನಿವಾರ ಏನೂ ಬರೆಸಲಿಲ್ಲ, ಸುಮ್ಮನೆ ನೋಡುತ್ತಾ ಕೂತಿದ್ದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕಪಾಟಿನಿಂದ ಒಂದು ಪುಸ್ತಕ ಎಳೆದು ಪಕ್ಕದವಳ ಮಡಿಲಿಗೆ ಹಾಕಿದಳು. "ತಗೋ, ಇದರಲ್ಲಿ ನಿನ್ನ ಥರಾನೇ ಒಬ್ಬಳಿದಾಳೆ, ಬಾಯೇ ಮುಚ್ಚಲ್ಲ." ಪಕ್ಕದವಳು ಅವಳನ್ನು ಒಂದು ಸಲ ದುರುಗುಟ್ಟಿ ನೋಡಿದಳು, ಆಮೇಲೆ ಪುಸ್ತಕ ತೆರೆದಳು.

ನನಗೆ ಬೇಕಾಗಿದ್ದದ್ದು ಅದೇ. ಕಥಾಸಾರ ಇಲ್ಲ, ನಕ್ಷತ್ರ ಇಲ್ಲ. ಯಾರಿಗೆ ಅನ್ನುವುದು ಮಾತ್ರ ಇದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರಲ್ಲ, ಅದರಲ್ಲಿ ಎರಡನೆಯದು ಪ್ರತಿ ಓದುಗರಿಗೂ ಅವರ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗರು. ನಾನು ಆ ಎರಡನೆಯದನ್ನೇ ಹಿಡಿದುಕೊಂಡಿದ್ದೆ. ಕಪಾಟಿನಲ್ಲಿ ಕೂತಿರುವ ಪುಸ್ತಕದ ಕಡೆಯಿಂದ ಯೋಚಿಸಿರಲಿಲ್ಲ.

ಹಳೇ ನಮೂನೆ ಬಿಸಾಕಿ ಭಾನುವಾರಕ್ಕೆ ಹೊಸ ಚೀಟಿ ಮಾಡಿದೆ. ಎರಡೇ ಪ್ರಶ್ನೆ: "ಇದನ್ನ ಯಾರಿಗೆ ಕೊಡ್ತೀಯ?" ಮತ್ತು "ಎಷ್ಟನೇ ಪುಟ ತೋರಿಸ್ತೀಯ?" ಬಂದದ್ದರಲ್ಲಿ ಕೆಲವು:

"ಅಣ್ಣನ ಜೊತೆ ಮಾತು ಬಿಟ್ಟಿರೋರಿಗೆ. ಪುಟ 41."

"ಮಧ್ಯ ಬೇಜಾರಾಗತ್ತೆ. 34ನೇ ಪುಟದ ತನಕ ತಡ್ಕೊಳಿ, ಆಮೇಲೆ ಸುರಂಗ ಬರತ್ತೆ."

"ರಾತ್ರಿ ಓದೋರಿಗೆ ಅಲ್ಲ. ನಾನು ಓದಿ ಬಾತ್‌ರೂಮಿಗೆ ಹೋಗಕ್ಕೆ ಅಮ್ಮನ್ನ ಎಬ್ಬಿಸಿದೆ."

ಮೂರನೆಯ ಚೀಟಿ ಇದ್ದ ಪುಸ್ತಕಕ್ಕೆ ಅವತ್ತೇ ನಾಲ್ಕು ಜನ ಸಾಲು ನಿಂತರು.

ಪುಟದ ಸಂಖ್ಯೆ ಕೇಳಿದ್ದು ಓದಿದ್ದಾರೋ ಇಲ್ಲವೋ ಅಂತ ಪರೀಕ್ಷೆ ಮಾಡಲು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಬೇರೆಯದೇ ಕೆಲಸ ಮಾಡಿತು. ಚೀಟಿ ನೋಡಿದ ಮಕ್ಕಳು ಮೊದಲ ಪುಟಕ್ಕೆ ಹೋಗುವುದೇ ಇಲ್ಲ, ನೇರ ಆ ಪುಟ ತೆರೆಯುತ್ತಾರೆ. ನಾಲ್ಕು ಸಾಲು ಓದುತ್ತಾರೆ. ಆಮೇಲೆ ಒಂದೋ ಪುಸ್ತಕ ಮನೆಗೆ ಹೋಗುತ್ತದೆ, ಇಲ್ಲಾ ಕಪಾಟಿಗೆ ವಾಪಸ್.

3ನೇ ವಾರ

ಬರೆಯಲು ಬಾರದ ಪುಟಾಣಿಗಳ ಸರದಿ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಐದು ವರ್ಷದ ಹುಡುಗಿ ಆನೆಯ ಚಿತ್ರಪುಸ್ತಕ ಹಿಡಿದು ಬಂದು ಹೇಳಿದ್ದು: "ಆನೆ ಕೂತ್ಕೊಳತ್ತೆ. ಮುರಿಯತ್ತೆ. ಮತ್ತೆ ಕೂತ್ಕೊಳತ್ತೆ. ಮತ್ತೆ ಮುರಿಯತ್ತೆ." ನಾನು "ಆನೆ ಕೂತ ಕಡೆಯೆಲ್ಲಾ ಏನಾದರೊಂದು ಮುರಿಯುತ್ತದೆ" ಅಂತ ಬರೆದು ಓದಿ ಹೇಳಿದೆ. "ನಾನು ಹಾಗೆ ಹೇಳಲಿಲ್ಲ" ಅಂದಳು. ಹೊಸ ಚೀಟಿ ತೆಗೆದು ಅವಳು ಹೇಳಿದ ಹಾಗೆಯೇ ಬರೆದೆ. ಈಗ ಗಟ್ಟಿಯಾಗಿ ಓದಿ ನೋಡಿದರೆ ಅವಳದ್ದೇ ಸರಿ, ಆನೆ ಎರಡು ಸಲ ಕೂತರೇ ಮಜಾ.

ಇದೇ ಪಾಠ ಇನ್ನೊಂದು ಕಡೆಯಿಂದಲೂ ಬಿತ್ತು. ದೆವ್ವದ ಕಥೆಗೆ ಒಬ್ಬ "ಬೂತ ಇದೆ ಆದರೆ ಒಳ್ಳೇ ಬೂತ" ಅಂತ ಬರೆದಿದ್ದ. ಮಗುವನ್ನು ಕರೆದುಕೊಂಡು ಹೋಗಲು ಬಂದ ಹಿರಿಯರೊಬ್ಬರು ಪೆನ್ಸಿಲ್ ತೆಗೆದು ಎರಡೂ ಕಡೆ "ಭ" ಮಾಡಿಟ್ಟರು. ಒಳ್ಳೆಯ ಮನಸ್ಸಿನಿಂದಲೇ. ಮರುವಾರ ಹುಡುಗ ಬಂದು ನೋಡಿ, ಏನೂ ಹೇಳದೆ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಅವನಿಂದ ಇನ್ನೊಂದು ಚೀಟಿ ಬರಲು ನಾಲ್ಕು ವಾರ ಬೇಕಾಯಿತು. ಕಪಾಟಿನ ಮೇಲೆ ಈಗ ಬೋರ್ಡು ಇದೆ: ಚೀಟಿಗಳನ್ನು ತಿದ್ದಬೇಡಿ. ಮಹಾಪ್ರಾಣ ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೆರಡು ವರ್ಷದಲ್ಲಿ ತಾನಾಗಿ ಬರುತ್ತದೆ.

4ನೇ ವಾರ

ಈ ವಾರದ ಎಡವಟ್ಟು ಪೂರಾ ನನ್ನದು. ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಪ್ರತಿ ಚೀಟಿಗೆ ಹೆಸರಿನ ಮುಂದೆ ಒಂದು ಸ್ಟಿಕರ್. ಎರಡು ದಿನದಲ್ಲಿ 47 ಚೀಟಿ! ಖುಷಿಯಿಂದ ಎಣಿಸಿದೆ, ಆಮೇಲೆ ಓದಿದೆ. ಒಬ್ಬನೇ ಒಂಬತ್ತು ಬರೆದಿದ್ದ. ಒಂಬತ್ತರಲ್ಲೂ "ಎಲ್ಲರಿಗೆ, ಪುಟ 10". ಅದರಲ್ಲಿ ಒಂದು ಪುಸ್ತಕಕ್ಕೆ ಇದ್ದದ್ದೇ ಎಂಟು ಪುಟ.

ನಾಚಿಕೆಯ ವಿಷಯ ಏನೆಂದರೆ ಇದು ನನಗೆ ಗೊತ್ತಿಲ್ಲದ್ದೇನಲ್ಲ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನೇ ಎಷ್ಟೋ ಜನರಿಗೆ ವಿವರಿಸಿದ್ದೇನೆ. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಒಂದು ಗುಂಪಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೇ ಕೊಟ್ಟರು. ಮತ್ತೊಂದಕ್ಕೆ ಕೊಡಲೇ ಇಲ್ಲ. ಆಮೇಲೆ ಬಿಡುವಿನ ಹೊತ್ತಿನಲ್ಲಿ ಅದೇ ಪೆನ್ನುಗಳನ್ನು ಇಟ್ಟಾಗ, ಬಹುಮಾನಕ್ಕಾಗಿ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಬಿಡಿಸಿದರು. ಇಷ್ಟೆಲ್ಲ ತಿಳಿದವಳೇ ಸ್ಟಿಕರ್ ತಂದು ಅಂಟಿಸಿದೆ.

ಭಾನುವಾರ ಸಂಜೆ ಚಾರ್ಟ್ ಇಳಿಸಿದೆ. ಒಂಬತ್ತು ಬರೆದವನು ಮುಂದಿನ ವಾರ ಕೇಳಿದ, "ಸ್ಟಿಕರ್ ಇಲ್ವಾ? ಹಾಗಾದ್ರೆ ಬರೀಬೇಕಾ?" "ಬೇಡ" ಅಂದೆ. ಬರೆಯಲಿಲ್ಲ.

5ನೇ ವಾರ

ಏಳೇ ಮಕ್ಕಳು. ಚೀಟಿ ಮೂರು. ಟೇಪ್ ಅಂಟಿಸಿದ್ದ ಎರಡು ಪುಸ್ತಕದ ಮುಖಪುಟ ಸಿಪ್ಪೆ ಸುಲಿದ ಹಾಗೆ ಬಂದಿತ್ತು. ಇನ್ನು ಮೇಲೆ ಟೇಪ್ ಇಲ್ಲ, ಚೀಟಿಯನ್ನು ಪುಟದ ಮಧ್ಯೆ ಇಡುವುದಷ್ಟೇ.

6ನೇ ವಾರ

ಬರೆಯಲು ಇಷ್ಟವಿಲ್ಲದವರಿಗೆ ಮಾತಾಡುವ ಅವಕಾಶ. ಇದಕ್ಕೆ ಜಪಾನಿನ ಒಂದು ಆಟವನ್ನು ಎರವಲು ತಂದೆ. 2007ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿದ್ದ ತದಾಹಿರೊ ತನಿಗುಚಿ ಹುಟ್ಟುಹಾಕಿದ್ದು, ಹೆಸರು ಬಿಬ್ಲಿಯೊಬ್ಯಾಟಲ್. ತಾನು ಓದಿ ಇಷ್ಟಪಟ್ಟ ಪುಸ್ತಕದ ಬಗ್ಗೆ ಒಬ್ಬೊಬ್ಬರೂ 5 ನಿಮಿಷ ಮಾತಾಡಬೇಕು, ಆಮೇಲೆ ಎರಡು ಮೂರು ನಿಮಿಷ ಕೇಳುಗರ ಪ್ರಶ್ನೆ. ಕೊನೆಗೆ ಎಲ್ಲರೂ ಒಂದೊಂದು ಮತ ಹಾಕಬೇಕು. ಜಾಣತನ ಇರುವುದು ಮತ ಕೇಳುವ ಪ್ರಶ್ನೆಯಲ್ಲಿ: ಯಾರು ಚೆನ್ನಾಗಿ ಮಾತಾಡಿದರು ಅಂತಲ್ಲ, ಯಾವ ಪುಸ್ತಕ ಓದಬೇಕು ಅನ್ನಿಸಿತು ಅಂತ. ಗೆಲ್ಲುವುದು ಪುಸ್ತಕ. ಮೂರು ನಿಮಿಷದ ಚಿಕ್ಕ ರೂಪವೂ ಇದೆ, ನಾವು ಆಡಿದ್ದು ಅದನ್ನು.

ಮೊದಲು ಎದ್ದವಳು ಭಾಷಣದಲ್ಲಿ ಪಳಗಿದವಳು. ಕೈ ಕಟ್ಟಿ, "ನೆರೆದಿರುವ ಎಲ್ಲರಿಗೂ ನನ್ನ ನಮಸ್ಕಾರಗಳು" ಅಂತ ಶುರು ಮಾಡಿ, ಎಲ್ಲೂ ತಡವರಿಸದೆ, ಸರಿಯಾಗಿ ಮೂರು ನಿಮಿಷಕ್ಕೆ ಮುಗಿಸಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಮತ ಒಂದು. ಗೆದ್ದದ್ದು ಒಬ್ಬ ಹುಡುಗ ತಂದಿದ್ದ ದ್ವೀಪದ ಕಥೆ. ಅವನು ಅರ್ಧ ನಿಮಿಷ ಮಾತಾಡಿ, ಮುಂದೇನು ಹೇಳಬೇಕೋ ತೋಚದೆ, ರಟ್ಟಿನ ಒಳಬದಿಯಲ್ಲಿದ್ದ ನಕ್ಷೆಯನ್ನು ಎಲ್ಲರಿಗೂ ಹಿಡಿದು ತೋರಿಸುತ್ತಾ ಹೋದ. "ಇಲ್ಲಿ ಗುಹೆ. ಇಲ್ಲಿಂದ ಇಲ್ಲಿಗೆ ಹೋಗಕ್ಕೆ ಆಗಲ್ಲ. ಯಾಕೆ ಅಂತ ಹೇಳಲ್ಲ." ಉಳಿದ ಎರಡೂವರೆ ನಿಮಿಷ ಹದಿನಾಲ್ಕು ತಲೆಗಳು ಆ ನಕ್ಷೆಯ ಮೇಲೆ ಬಾಗಿದ್ದವು.

ಭಾಷಣದ ಹುಡುಗಿಗೆ ಬೇಸರವಾಗಿತ್ತು. ಅವಳ ಜೊತೆ ಸ್ವಲ್ಪ ಹೊತ್ತು ಕೂತೆ. "ನಿನಗೆ ಅದರಲ್ಲಿ ನಿಜವಾಗಿ ಏನಿಷ್ಟ?" ಅಂದೆ. ಯೋಚಿಸಿ ಹೇಳಿದಳು, "ಆ ಅಜ್ಜಿ ಕಳ್ಳತನ ಮಾಡ್ತಾಳೆ, ಅದು." ಅದನ್ನು ಭಾಷಣದಲ್ಲಿ ಯಾಕೆ ಹೇಳಲಿಲ್ಲ ಅಂದರೆ, "ಕಳ್ಳತನ ಅಂತ ಹೇಳಬಹುದಾ?" ಅಂತ ಅವಳೇ ನನ್ನನ್ನು ಕೇಳಿದಳು.

7ನೇ ವಾರ

ಚೀಟಿಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೆ. ಯಾರೂ ಹೇಳದೆಯೇ ಅದಕ್ಕೊಂದು ಉಪಯೋಗ ಹುಟ್ಟಿಕೊಂಡಿದೆ. ಭಾನುವಾರದ ಹುಡುಗಿಯೊಬ್ಬಳು ದೋಣಿಯ ಕಥೆಗೆ "ಅಳು ಬರೋರಿಗೆ, ಪುಟ 60" ಅಂತ ಬರೆದಿದ್ದಳು. ಶನಿವಾರದ ಯಾರೋ ಹಿಂದೆ ಬರೆದಿದ್ದಾರೆ: "ನನಗೆ ಅಳು ಬರಲಿಲ್ಲ. ಆದರೆ 52 ಎರಡು ಸಲ ಓದಿದೆ." ಅದರ ಕೆಳಗೆ ಮತ್ತೆ ಅವಳು: "52ರಲ್ಲಿ ಏನೂ ಇಲ್ಲವಲ್ಲ!" ಕೆಳಗೆ: "ಅಪ್ಪ ಏನೂ ಮಾತಾಡಲ್ಲ. ಅದೇ."

ಈ ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಅವಳು 52ನೇ ಪುಟ ತೆರೆದುಕೊಂಡು ಬಹಳ ಹೊತ್ತು ಕೂತಿದ್ದಳು. ನಾನು ಆ ಕಡೆ ಹೋಗಲಿಲ್ಲ.

ನಾನೂ ಗುಟ್ಟಾಗಿ, ಅಕ್ಷರ ಸ್ವಲ್ಪ ಸೊಟ್ಟ ಮಾಡಿ, ನನ್ನ ಮೆಚ್ಚಿನ ಪುಸ್ತಕಕ್ಕೆ ಒಂದು ಚೀಟಿ ಸೇರಿಸಿದ್ದೆ. ಹಿಂಬದಿಯಲ್ಲಿ ಉತ್ತರ ಬಂದಿದೆ: "ಇದು ದೊಡ್ಡೋರು ಬರೆದಿದ್ದು." ಹೇಗೆ ಗೊತ್ತಾಯಿತು ಅಂತ ವಿಚಾರಿಸಿದೆ. "ಅದ್ಭುತ ಅಂತ ಇದೆಯಲ್ಲ ಅಕ್ಕಾ."

8ನೇ ವಾರ

ಓದಿ ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಚೀಟಿ ಬರೆಯಬಹುದೇ ಎಂಬ ಪ್ರಶ್ನೆ ಎದ್ದಿತು. ಮೊದಲು ಬೇಡ ಅನ್ನಿಸಿತ್ತು. ಆದರೆ ಫ್ರೆಂಚ್ ಲೇಖಕ ದಾನಿಯೆಲ್ ಪೆನ್ನಾಕ್ 1992ರಲ್ಲಿ ಓದುಗರಿಗಾಗಿ ಬರೆದ ಹತ್ತು ಹಕ್ಕುಗಳಲ್ಲಿ ಪುಟ ಹಾರಿಸುವ ಹಕ್ಕೂ ಇದೆ, ಮುಗಿಸದೇ ಬಿಡುವ ಹಕ್ಕೂ ಇದೆ. ಬಿಡುವ ಹಕ್ಕಿದ್ದ ಮೇಲೆ ಬಿಟ್ಟೆ ಅಂತ ಹೇಳುವ ಹಕ್ಕೂ ಇರಬೇಕಲ್ಲ. ಒಂದೇ ಷರತ್ತು ಹಾಕಿದೆ, ಎಲ್ಲಿ ಬಿಟ್ಟೆ ಅಂತ ಬರೆಯಬೇಕು.

ಇದರಿಂದ ಸಿಕ್ಕಿದ್ದು ನಾನು ಎಣಿಸದ ಲಾಭ. ಪ್ರಾಣಿಗಳ ಬಗ್ಗೆ ಒಂದು ದಪ್ಪ ಪುಸ್ತಕವಿದೆ, ಮುನ್ನೂರು ಪುಟದ್ದು. ತಂದಾಗಿನಿಂದ ಯಾರೂ ಮುಟ್ಟಿರಲಿಲ್ಲ. ಈಗ ಅದರೊಳಗಿಂದ ಒಂದು ಚೀಟಿ ಇಣುಕುತ್ತಿದೆ: "ಪೂರ್ತಿ ಓದಬೇಡಿ. ನಾನೂ ಓದಿಲ್ಲ. ಹುಳಗಳ ಪಾಠ ಮಾತ್ರ ಓದಿ. ಅಮ್ಮ ಊಟ ಮಾಡುವಾಗ ಹೇಳಬೇಡಿ." ಒಂದೇ ವಾರದಲ್ಲಿ ಮೂರು ಮನೆ ಸುತ್ತಿ ಬಂತು.

9ನೇ ವಾರ

ಈಗ ಕಪಾಟಿನಲ್ಲಿ 88 ಚೀಟಿ ಇವೆ. ಸ್ಟಿಕರ್ ವಾರದವನ್ನು ಬಹುಪಾಲು ತೆಗೆದ ಮೇಲಿನ ಲೆಕ್ಕ ಇದು. ಕೊನೆ ಏನು ಅಂತ ಬರೆದುಬಿಡುವವರ ಮೇಲೆ ದೊಡ್ಡ ಮಕ್ಕಳು ಹರಿಹಾಯುತ್ತಿದ್ದಾರೆ, ಅದಕ್ಕೊಂದು ನಿಯಮ ಅವರೇ ಮಾಡಿಕೊಳ್ಳಲಿ. ಪುಟಾಣಿಗಳಿಗೆ ಮಾತ್ರ ಕೊನೆ ಗೊತ್ತಿದ್ದರೇ ಧೈರ್ಯ, ಅವರ ಕೆಳಗಿನ ಸಾಲಿಗೆ ಆ ನಿಯಮ ತಾಗಿಸಲು ನಾನು ಬಿಡುವುದಿಲ್ಲ.

ಒಂದು ಚೀಟಿ ಮಾತ್ರ ಇನ್ನೂ ಕಾಡುತ್ತಿದೆ. ಎರಡನೇ ವಾರದ್ದು. "ಯಾರಿಗೆ" ಎಂಬಲ್ಲಿ "ಗೊತ್ತಿಲ್ಲ, ನನ್ನ ಥರದೋರು ಇದ್ದರೆ ಅವರಿಗೆ" ಅಂತ ಬರೆದದ್ದು. ಬರೆದವನು ವಾರಕ್ಕೊಮ್ಮೆ ಬಂದು ಪುಸ್ತಕ ಎಳೆದು, ಚೀಟಿ ತಿರುಗಿಸಿ ನೋಡಿ, ಮತ್ತೆ ಒಳಗೆ ತಳ್ಳುತ್ತಾನೆ. ಈ ಭಾನುವಾರ ಆ ಪುಸ್ತಕದ ಜಾಗ ಖಾಲಿಯಿತ್ತು. ಎರವಲು ವಹಿಯಲ್ಲಿ ಯಾರ ಹೆಸರಿದೆ ಅಂತ ಅವನು ಕೇಳಿದ. ನಾನು ವಹಿ ಅವನ ಕಡೆಗೆ ತಿರುಗಿಸಿದೆ. ಬರೆದಿದ್ದವರ ಅಕ್ಷರ ನಮ್ಮಿಬ್ಬರಿಗೂ ಓದಲಾಗಲಿಲ್ಲ.