ಮಾತು ಹೋದ ಮೇಲೆ ಉಳಿದ ಪ್ರಾರ್ಥನೆ

ನಮ್ಮ ಮನೆಯವರಿಗೆ ಸ್ಟ್ರೋಕ್ ಆಗಿ ಮೊನ್ನೆಗೆ 14 ತಿಂಗಳಾಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದನ್ನು ಕಂಡು ಹೆದರಿದ್ದು ನಿಜ. ಆದರೆ ನನ್ನನ್ನು ಒಳಗೊಳಗೇ ಕುಗ್ಗಿಸಿದ್ದು ಅವರ ಮಾತು ಹೋದದ್ದು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು, ಇದಕ್ಕೆ ಅಫೇಸಿಯಾ ಅನ್ನುತ್ತೇವೆ ಅಂದರು ಡಾಕ್ಟರು. ಬುದ್ಧಿ ಎಲ್ಲೂ ಹೋಗಿಲ್ಲ, ಹೇಳಬೇಕಾದ್ದೆಲ್ಲ ಒಳಗೇ ಇದೆ, ಪದ ಮಾತ್ರ ಸಿಗುತ್ತಿಲ್ಲ.

ಅವರಿಗೆ ಉಳಿದಿದ್ದು ಒಂದೇ ಪದ, ‘ಹೌದು’. ನೀರು ಬೇಕಾ? ಹೌದು. ಬೇಡವಾ? ಹೌದು. ನೋಯ್ತಿದೆಯಾ ಅಂತ ಕೇಳಿದರೆ ಹೌದು ಅನ್ನುತ್ತಲೇ ತಲೆಯನ್ನು ಅಡ್ಡಡ್ಡ ಆಡಿಸೋರು. ಬಾಯಿಂದ ಬಂದದ್ದು ತಪ್ಪು ಪದ ಅಂತ ಅವರಿಗೂ ಗೊತ್ತಾಗುತ್ತಿತ್ತು. ಆಗ ಎಡಗೈಯಿಂದ ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಗೋಡೆ ಕಡೆ ತಿರುಗಿಬಿಡೋರು.

ನಮ್ಮ ಚರ್ಚಿನ ಸಭೆಯವರು ನಮ್ಮ ಕೈಬಿಡಲಿಲ್ಲ. ಬಂದರು, ಪ್ರಾರ್ಥಿಸಿದರು, ದಿನಾ ವಾಕ್ಯ ಕಳಿಸಿದರು. ಹೆಚ್ಚಿನವರು ಕಳಿಸಿದ್ದು ಒಂದೇ ವಾಕ್ಯ, ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯ, 28ನೆಯ ವಚನ. ದೇವರನ್ನು ಪ್ರೀತಿಸುವವರ ಹಿತಕ್ಕಾಗಿ ಎಲ್ಲವೂ ಅನುಕೂಲವಾಗುತ್ತದೆ ಅನ್ನುವ ಮಾತು. ಅದು ಸತ್ಯ ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಗಂಡನ ಬಾಯಿ ಒರೆಸುತ್ತಾ ಇರುವಾಗ ಫೋನಿನಲ್ಲಿ ಆ ವಚನ ಐದನೆಯ ಸಲ ಬಂದರೆ, ಅಳುವುದಕ್ಕೂ ನಿನಗೆ ಅನುಮತಿಯಿಲ್ಲ ಅಂತ ಯಾರೋ ಹೇಳಿದ ಹಾಗಿರುತ್ತದೆ.

ಯಾರಿಗೂ ಹೇಳದೇ ಇದ್ದ ಒಂದು ಸಂಗತಿ ಇದೆ. ಆ ವಾರಗಳಲ್ಲಿ ನಾನು ಪ್ರಾರ್ಥನೆ ನಿಲ್ಲಿಸಿಬಿಟ್ಟಿದ್ದೆ. ಹಟಕ್ಕಲ್ಲ, ಆಗುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿದರೆ ‘ಕರ್ತನೇ’ ಅನ್ನುವಷ್ಟರಲ್ಲಿ ಗಂಟಲು ಕಟ್ಟಿಕೊಳ್ಳುತ್ತಿತ್ತು. ಬೇರೆಯವರು ಪ್ರಾರ್ಥಿಸುವಾಗ ತಲೆ ಬಗ್ಗಿಸಿ ಕೂತಿರುತ್ತಿದ್ದೆ, ಕೊನೆಯಲ್ಲಿ ಆಮೆನ್ ಅನ್ನುತ್ತಿದ್ದೆ, ಅಷ್ಟೇ.

ಒಂದು ರಾತ್ರಿ ನಿದ್ದೆ ಬಾರದೆ ಸತ್ಯವೇದ ತೆಗೆದು ಸುಮ್ಮನೆ ಹಾಳೆ ತಿರುವುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಕೀರ್ತನೆಗಳ ಪುಸ್ತಕದ 88ನೆಯ ಕೀರ್ತನೆ. ಎಷ್ಟೋ ಸಲ ಓದಿದ್ದೆ, ಆದರೆ ಓದಿ ದಾಟಿದ್ದೆ. ಗೋಳಿನ ಕೀರ್ತನೆಗಳು ಬಹಳ ಇವೆ. ಅವುಗಳಲ್ಲಿ ಹೆಚ್ಚಿನವು ಕೊನೆಯ ಹೊತ್ತಿಗೆ ಎಲ್ಲಾದರೂ ಒಂದು ಕಡೆ ಸ್ತೋತ್ರದತ್ತ ತಿರುಗಿಕೊಳ್ಳುತ್ತವೆ. 13ನೆಯದು ‘ಎಲ್ಲಿಯ ತನಕ?’ ಅಂತ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. 88ನೆಯದು ಹಾಗೆ ತಿರುಗುವುದೇ ಇಲ್ಲ. ಹಗಲೂ ರಾತ್ರಿ ಮೊರೆಯಿಟ್ಟೆ, ನೀನು ಮುಖ ಮರೆಮಾಡಿಕೊಂಡೆ, ನನ್ನವರನ್ನೆಲ್ಲ ದೂರ ಮಾಡಿದೆ ಎಂದು ಹೇಳಿ ಕತ್ತಲೆಯಲ್ಲಿ ನಿಂತುಬಿಡುತ್ತದೆ. ಯಾರೂ ಅದಕ್ಕೆ ಒಂದು ಸಮಾಧಾನದ ಸಾಲು ಸೇರಿಸಲು ಹೋಗಿಲ್ಲ. 150 ಕೀರ್ತನೆಗಳ ನಡುವೆ ಅದನ್ನು ಇದ್ದ ಹಾಗೇ ಉಳಿಸಿಕೊಂಡಿದ್ದಾರೆ. ಅದನ್ನು ಎರಡು ಸಲ ಓದಿದೆ. ಸಮಾಧಾನ ಆಯಿತು ಅಂತ ಹೇಳಲಾರೆ. ಆದರೆ ಇದೂ ಪ್ರಾರ್ಥನೆಯೇ ಆದರೆ ನಾನು ಪೂರ್ತಿ ಹೊರಗೆ ಬಿದ್ದಿಲ್ಲ ಅನ್ನಿಸಿತು.

ಇದಾದ ಮೇಲೆ, ಆರನೆಯ ವಾರದಲ್ಲಿ ಒಂದು ರಾತ್ರಿ. ಅವರನ್ನು ಎಡಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ದೀಪ ಆರಿಸಿದೆ. ಮದುವೆಯಾದಾಗಿನಿಂದ, 31 ವರ್ಷ, ಮಲಗುವ ಮುಂಚೆ ಇಬ್ಬರೂ ಸೇರಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವುದು ನಮ್ಮ ರೂಢಿ. ಆಸ್ಪತ್ರೆಗೆ ಸೇರಿದ ದಿನದಿಂದ ಅದು ನಿಂತಿತ್ತು. ಆ ರಾತ್ರಿ ಯಾಕೋ, ಭಕ್ತಿಗಿಂತ ಅಭ್ಯಾಸದಿಂದಲೇ ಇರಬೇಕು, ‘ಪರಲೋಕದಲ್ಲಿರುವ...’ ಅಂದೆ. ಮುಂದೆ ಹೋಗಲಾಗದೆ ನಿಂತೆ.

ಕತ್ತಲಲ್ಲಿ ಪಕ್ಕದಿಂದ ‘ನಮ್ಮ ತಂದೆಯೇ’ ಅಂತ ಕೇಳಿಸಿತು.

ಮಾತು ತೊದಲುತ್ತಿತ್ತು, ಆದರೆ ಪದ ಸರಿಯಾಗಿತ್ತು. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ. ‘ನಿನ್ನ ರಾಜ್ಯವು ಬರಲಿ’ ದಾಟಿತು. ‘ಅನುದಿನದ ಆಹಾರವನ್ನು’ ದಾಟಿತು. ನಡುವೆ ಒಂದು ಕಡೆ ತಡವರಿಸಿ, ಮತ್ತೆ ಹಿಡಿದುಕೊಂಡು, ಆಮೆನ್ ತನಕ ಅವರೊಬ್ಬರೇ ಹೋದರು. ಎದ್ದು ದೀಪ ಹಾಕಿ ‘ರೀ, ಏನಂದ್ರಿ? ಇನ್ನೊಂದ್ಸಲ ಹೇಳಿ, ಆಹಾರ ಅನ್ನಿ’ ಅಂದೆ. ಅವರು ಬಾಯಿ ತೆರೆದರು, ಹುಡುಕಿದರು, ‘ಹೌದು’ ಅಂದರು.

ಮರುದಿನ ಸ್ಪೀಚ್ ಥೆರಪಿಸ್ಟ್ ಹತ್ತಿರ ಓಡಿಹೋಗಿ ಹೇಳಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಅಫೇಸಿಯಾ ಇರುವವರಲ್ಲಿ ಇದು ಕಾಣುತ್ತದೆ. ಬಾಯಿಪಾಠವಾದ ಪ್ರಾರ್ಥನೆ, ಹಾಡು, ವಾರದ ಹೆಸರು, ಒಂದರಿಂದ ಹತ್ತು ಎಣಿಸುವುದು, ಇವು ಉಳಿಯಬಹುದು, ಹೊಸದಾಗಿ ಕಟ್ಟಬೇಕಾದ ಮಾತು ಮಾತ್ರ ಕಷ್ಟ ಅಂದರು. ಆಮೇಲೆ ಓದಿ ತಿಳಿದುಕೊಂಡೆ: ತನ್ನಿಂದ ತಾನೇ ಬರುವ ಮಾತು ಬೇರೆ, ಯೋಚಿಸಿ ಕಟ್ಟುವ ಮಾತು ಬೇರೆ ಅನ್ನುವುದನ್ನು ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ಇಂಗ್ಲಿಷ್ ನರವೈದ್ಯರು 19ನೆಯ ಶತಮಾನದಲ್ಲೇ ಗುರುತಿಸಿದ್ದರಂತೆ. ಆದ್ದರಿಂದ ಇದನ್ನು ಅದ್ಭುತ ಅಂತ ಸಾಕ್ಷಿ ಹೇಳಲು ನಾನು ಹೋಗಿಲ್ಲ. ಹಾಗಂತ ಬರೀ ಮೆದುಳಿನ ವಿಚಾರ ಅಂತ ಬಿಟ್ಟುಬಿಡಲೂ ನನ್ನಿಂದ ಆಗುವುದಿಲ್ಲ. 31 ವರ್ಷ, ಎಷ್ಟೋ ರಾತ್ರಿ ಅರೆನಿದ್ದೆಯಲ್ಲಿ, ಜಗಳ ಆಡಿದ ದಿನ ಮುಖ ತಿರುಗಿಸಿಕೊಂಡೇ ಹೇಳಿದ ಆ ಪ್ರಾರ್ಥನೆ ಅವರೊಳಗೆ ಎಲ್ಲೋ ಹೋಗಿ ಕೂತಿತ್ತು. ಮಿಕ್ಕಿದ್ದೆಲ್ಲ ಹೋದಾಗ ಅದು ಹೋಗಲಿಲ್ಲ.

ಆ ಪ್ರಾರ್ಥನೆಯಲ್ಲಿ ‘ನನ್ನ’ ಅನ್ನುವ ಪದವೇ ಇಲ್ಲ ಅನ್ನುವುದು ನನಗೆ ಹೊಳೆದದ್ದು ಆ ದಿನಗಳಲ್ಲೇ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪುಗಳು. ಒಬ್ಬರೇ ಹೇಳಿದರೂ ಬಹುವಚನ. ಮಾತು ಚೆನ್ನಾಗಿದ್ದ ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಮಾತೇ ಇಲ್ಲದವರು ದಿನಾ ರಾತ್ರಿ ನನ್ನನ್ನೂ ಸೇರಿಸಿಕೊಂಡು ಪ್ರಾರ್ಥಿಸುತ್ತಿದ್ದರು.

ಆಗ ಮತ್ತೆ ರೋಮಾಪುರದವರಿಗೆ 8 ತೆರೆದೆ. ಎಲ್ಲರೂ ಕಳಿಸಿದ 28ನೆಯ ವಚನಕ್ಕೆ ಎರಡೇ ವಚನ ಮೇಲೆ, 26ರಲ್ಲಿ, ನಾವು ಹೇಗೆ ಪ್ರಾರ್ಥಿಸಬೇಕೋ ನಮಗೆ ತಿಳಿಯದು, ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ಪೌಲನು ಬರೆದಿದ್ದಾನೆ. ಯಾರೂ ನನಗೆ ಅದನ್ನು ಕಳಿಸಿರಲಿಲ್ಲ. ಈಗ ಯಾರಾದರೂ ಕಷ್ಟದಲ್ಲಿದ್ದಾರೆ ಅಂದರೆ ನಾನು 28 ಕಳಿಸುವುದಿಲ್ಲ. ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಅವರು ಕೇಳಿದರೆ 26 ಓದುತ್ತೇನೆ.

ಶಿಲುಬೆಯ ಮೇಲಿನ ಯೇಸುವನ್ನೂ ಈಗ ಬೇರೆ ಥರ ನೋಡುತ್ತೇನೆ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಅನ್ನುವುದು 22ನೆಯ ಕೀರ್ತನೆಯ ಮೊದಲ ಸಾಲು. ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಅನ್ನುವುದು 31ನೆಯದರಲ್ಲಿ ಬರುತ್ತದೆ. ಉಸಿರಾಡಲೂ ಕಷ್ಟವಾದ ಹೊತ್ತಿನಲ್ಲಿ ಅವನ ಬಾಯಿಗೆ ಬಂದದ್ದೂ ತನ್ನ ಜನರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತುಗಳೇ. ಇದನ್ನು ನೆನೆದಾಗಲೆಲ್ಲ ನನಗೆ ಅಳು ಬರುತ್ತದೆ. ಅದು ಮೊದಲಿನ ಅಳುವಲ್ಲ.

ಇವರ ಬಲಗೈ ಇನ್ನೂ ಏಳುತ್ತಿಲ್ಲ. ಕೋಲು ಹಿಡಿದು ಬಚ್ಚಲಿನ ತನಕ ನಡೆಯುತ್ತಾರೆ. ಸ್ವಂತವಾಗಿ ಬರುವ ಪದಗಳು ಸುಮಾರು 20, ಅದರಲ್ಲಿ ನನ್ನ ಹೆಸರು ಇನ್ನೂ ಸೇರಿಲ್ಲ. ಪದ ಸಿಕ್ಕ ದಿನ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಕಳೆದ ತಿಂಗಳು ಒಂದೂ ಬರೆಯಲಿಲ್ಲ.

ನಿನ್ನೆ ರಾತ್ರಿ ಆಮೆನ್ ಆದ ಮೇಲೆ ನಿದ್ದೆ ಹೋದರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎಡಗೈ ನನ್ನ ತೋಳಿನ ಮೇಲೆ ಬಂತು. ‘ಕಿ’ ಅಂದರು. ಕಾದೆ. ‘ಕಿ... ಕಿಟಕಿ.’

ಹೊರಗೆ ಗಾಳಿ ಬೀಸುತ್ತಿತ್ತು. ಎದ್ದು ಹೋಗಿ ಕಿಟಕಿ ಮುಚ್ಚಿದೆ.