ಒಂಬತ್ತು ದಿನ, ಒಂದು ಕೇಬಲ್, ಐದನೇ ದೀಪ

ಸಿಕ್ಕಿತು. ಒಂಬತ್ತು ದಿನ ಆದ್ಮೇಲೆ, ಮನೆಯ ನೆಟ್‌ವರ್ಕ್ ವೇಗ ಕದೀತಿದ್ದ ಕಳ್ಳ ಸಿಕ್ಕಿದ್ದಾನೆ.

ಕೆಳಗಿನ ಕೋಣೆಯ ಹಳೆ ಡೆಬಿಯನ್ (ಲಿನಕ್ಸ್) ಕಂಪ್ಯೂಟರ್ ಡಬ್ಬಕ್ಕೂ ಮಾಳಿಗೆ ಮೇಲಿನ ಕೋಣೆಯ ಪಿಸಿಗೂ ನೇರ ಕೇಬಲ್ ಎಳೆದಿದ್ದು, ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಕೊಟ್ಟಿದ್ದು ಎಲ್ಲ ಹೋದ ಸಲವೇ ಬರೆದಿದ್ದೆ. ನಡುವೆ ನೆಟ್‌ವರ್ಕ್ ಸ್ವಿಚ್ ಕೂಡ ಇಲ್ಲ. ವೇಗ ಅಳೆಯೋ ಐಪರ್ಫ್ ಹಾಕಿದರೆ 941 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 941 ಮೆಗಾಬಿಟ್. ಗಿಗಾಬಿಟ್‌ (ಹೆಸರಿಗೆ 1000 ಎಂಬಿಪಿಎಸ್) ಹತ್ರ ಇದಕ್ಕಿಂತ ಜಾಸ್ತಿ ಕೇಳಬಾರದು. ಆದರೆ ಮಧ್ಯಾಹ್ನ ಅಕ್ಕನ ಮದುವೆ ವಿಡಿಯೊ, 60 ಜಿಬಿ, ಬ್ಯಾಕಪ್‌ಗೆ ಹಾಕಿದರೆ ಒಂಬತ್ತು ನಿಮಿಷದ ಕೆಲಸ ಒಂದೂವರೆ ಗಂಟೆ ತಿಂತು. ರಾತ್ರಿ ಪಿಸಿ ಆನ್ ಮಾಡಿ ನೋಡಿದರೆ ಮತ್ತೆ 941. ಡಾಕ್ಟರ್ ಮುಂದೆ ಕೂತ ಕೂಡಲೇ ನಿಂತುಹೋಗೋ ಹಲ್ಲುನೋವು!

ಮೊದಲ ತಪ್ಪು ನನ್ನದೇ. ನಿಗಾ ಇಡೋದು ಅಂದರೆ ಪಿಂಗ್ (ಆ ಕಡೆಗೆ ಪುಟ್ಟ ಸಂದೇಶ ಕಳಿಸಿ ಉತ್ತರ ಕಾಯೋದು) ಅಂದ್ಕೊಂಡಿದ್ದೆ. ಸೆಕೆಂಡಿಗೊಂದು, ದಿನಕ್ಕೆ 86,400. ಅದರಲ್ಲಿ ಕಳೆದುಹೋಗಿದ್ದು ನಾಲ್ಕೋ ಐದೋ. ಅದೇನು ಲೆಕ್ಕ ಅಂತ ಬಿಟ್ಟುಬಿಟ್ಟೆ. ಪಿಂಗ್ ಹೇಳೋದು ಉಸಿರಾಡ್ತಿದೆಯಾ ಇಲ್ವಾ ಅಂತ ಮಾತ್ರ. ಲಿಂಕ್ 1000ದಿಂದ 100ಕ್ಕೆ ಬಿದ್ದರೂ ಪಿಂಗ್ ಖುಷಿಯಾಗಿಯೇ ಇರ್ತದೆ.

ಆಮೇಲೆ ಬುದ್ಧಿ ಬಂತು. ಲಿನಕ್ಸ್‌ನ ಸಿಸ್ ಫೋಲ್ಡರ್‌ನಲ್ಲಿ ನೆಟ್ ಕಾರ್ಡಿನ ಹೆಸರಿನ ಕೆಳಗೆ ಸ್ಪೀಡ್ ಅಂತ ಒಂದು ಫೈಲ್, ಕ್ಯಾರಿಯರ್ ಚೇಂಜಸ್ ಅಂತ ಇನ್ನೊಂದು (ಲಿಂಕ್ ಎಷ್ಟು ಸಲ ಬಿದ್ದು ಎದ್ದಿದೆ ಅನ್ನೋ ಲೆಕ್ಕ) ಇರ್ತಾವಲ್ಲ, ಎರಡನ್ನೂ ಹತ್ತು ಸೆಕೆಂಡಿಗೊಮ್ಮೆ ಓದಿ ಟೈಮ್ ಜೊತೆ ಬರೆದಿಡೋ ನಾಲ್ಕು ಸಾಲಿನ ಸ್ಕ್ರಿಪ್ಟ್ ಹಾಕಿದೆ. ಮೊದಲ ದಿನವೇ ಗೊತ್ತಾಯ್ತು. 12:50ಕ್ಕೆ 1000. 1:20ರ ಹೊತ್ತಿಗೆ ಲಿಂಕ್ ಒಮ್ಮೆ ಬಿದ್ದು ಎದ್ದಿದೆ, ಎದ್ದಿದ್ದು 100ರಲ್ಲಿ. ಮತ್ತೆ ಮೇಲಿನ ಪಿಸಿ ರೀಸ್ಟಾರ್ಟ್ ಆಗೋವರೆಗೂ 100ರಲ್ಲೇ ಕೂತಿದೆ. ನಾನು ರಾತ್ರಿ ಆನ್ ಮಾಡಿದಾಗಲೆಲ್ಲ ಎರಡೂ ಕಡೆಯ ಕಾರ್ಡುಗಳ ನಡುವೆ ವೇಗದ ಬಗ್ಗೆ ಹೊಸದಾಗಿ ಮಾತುಕತೆ ನಡೆದು 1000 ಆಗ್ತಿತ್ತು, ಅಷ್ಟೆ.

ಆ ಹೊತ್ತಿಗೆ ಮನೇಲಿ ಏನಾಗ್ತದೆ? ಕೂಲರ್ ಆನ್ ಆಗ್ತದೆ. ಸರಿ, ಕೂಲರ್ ಮೋಟರ್ ಗದ್ದಲ ಎಬ್ಬಿಸ್ತಿದೆ ಅಂತ ತೀರ್ಪು ಕೊಟ್ಟೆ. ಕಲಬುರಗಿ ಮೇ ತಿಂಗಳು, ಹೊರಗೆ 42 ಡಿಗ್ರಿ, ಪರೀಕ್ಷೆಗೆ ಅಂತ ಒಂದು ಮಧ್ಯಾಹ್ನ ಕೂಲರ್ ಬಂದ್. ಮನೇಲಿ ಯಾರೂ ಮಾತಾಡಿಸಲಿಲ್ಲ. 1:34ಕ್ಕೆ ಲಿಂಕ್ ಬಿತ್ತು. ಕೂಲರ್ ನಿರ್ದೋಷಿ.

ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಕಿತ್ತಳೆ, ಹಸಿರು ಸಾಕು. ಅಂದರೆ ನೀಲಿನೋ ಕಂದೋ ಬಿಡ್ತಿದೆ. ಕೇಬಲ್ ಟೆಸ್ಟರ್ (ತಂತಿಗೊಂದು ದೀಪ) ಹಾಕಿದರೆ ಸಂಜೆ ಎಂಟೂ ದೀಪ ಸಾಲಾಗಿ ಹೊತ್ತಿದವು. ಮರುದಿನ ಮಧ್ಯಾಹ್ನ ಒಂದೂವರೆಗೇ ಮಾಳಿಗೆ ಹತ್ತಿದೆ. ಚಪ್ಪಲಿ ಮರೆತಿದ್ದೆ, ಶಹಾಬಾದ್ ಕಲ್ಲಿನ ಮೇಲೆ ಕುಣೀತಾ ಟೆಸ್ಟರ್ ನೋಡಿದೆ. ಒಂದು, ಎರಡು, ಮೂರು, ನಾಲ್ಕು... ಆರು. ಐದನೇ ದೀಪ ಇಲ್ಲ. ಬಿಳಿ-ನೀಲಿ ತಂತಿ.

ಕೆಳಗಿಂದ ಅವ್ವ: "ಏನಪಾ, ಮತ್ತ ವಾಯರ್ ಬಿಚ್ಚಿ ಕುಂತೀ? ರೊಟ್ಟಿ ಆರ್ಲಾಕತ್ತಾವ."

ಗೋಡೆ ಪಕ್ಕದ ಡಬ್ಬಿಯಲ್ಲಿ ನಾನೇ ಎರಡು ಕೇಬಲ್ ಜೋಡಿಸೋ ಒಂದು ಕಪ್ಲರ್ ಹಾಕಿದ್ದೆ, ಕೇಬಲ್ ಎರಡು ಮೀಟರ್ ಕಡಿಮೆ ಬಿದ್ದಿತ್ತು ಅಂತ. ಅದು ನನ್ನ ಪಾಪ. ಅಲ್ಲಿನ ಕನೆಕ್ಟರ್ ಕತ್ತರಿಸಿ ತಂತಿ ಮೇಲೆ ಬ್ಲೇಡ್ ಎಳೆದೆ. ಮೇಲೆ ಕೆಂಪು, ಕೂದಲೆಳೆಯಷ್ಟು. ಒಳಗೆ ಬೆಳ್ಳಗೆ. ಅಲ್ಯೂಮಿನಿಯಂಗೆ ತಾಮ್ರದ ಅಂಗಿ ತೊಡಿಸಿ "ಕ್ಯಾಟ್ 6" ಅಂತ ಅಚ್ಚು ಹಾಕಿ ಮಾರಿದ್ದಾರೆ! ಬಿಸಿಯಾದರೆ ಅಲ್ಯೂಮಿನಿಯಂ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ದಿನಾ ಹಿಂಗೆ ಆಡಿ ಆಡಿ ಕನೆಕ್ಟರ್ ಹಲ್ಲಿನ ಹಿಡಿತ ಸಡಿಲ.

ಸೂಪರ್ ಮಾರ್ಕೆಟ್ ಕಡೆ ಕೇಬಲ್ ಕೊಂಡಿದ್ದ ಅಂಗಡಿಗೆ ತುಂಡು ಹಿಡ್ಕೊಂಡು ಹೋದೆ. "ಎಲ್ಲರೂ ಇದನ್ನೇ ಒಯ್ತಾರ ಸರ್, ಕ್ಯಾಮೆರಾಕ್ಕ ನಡೀತದ" ಅಂದ. ತಾಮ್ರದ್ದು ಇದೆಯಾ ಅಂದರೆ ಅದೇ ಡಬ್ಬಿ ತಿರುಗಿಸಿ ತೋರಿಸಿದ. ಆ ಕಡೆ "ಪ್ಯೂರ್" ಅಂತ ಬರೆದಿತ್ತು. ಮೂರು ಅಂಗಡಿ ಸುತ್ತಿದೆ. ಈಗ ಜೇಬಲ್ಲಿ ಬ್ಲೇಡ್ ಇಟ್ಕೊಂಡೇ ಹೋಗ್ತೀನಿ, ಕೆರೆದು ನೋಡದೆ ದುಡ್ಡಿಲ್ಲ.

ಮಾಳಿಗೆ ಅಂದ ಕೂಡಲೇ ನೆನಪಾಯ್ತು. ಮಳೆಗಾಲದ ಮುಂಚಿನ ಸಿಡಿಲು ನೆನೆಸಿಕೊಂಡರೆ ಹೊರಗೆ ತಾಮ್ರ ಎಳೆಯೋದೇ ಭಯ. ಕರೆಂಟ್ ಸಂಕೇತವನ್ನು ಬೆಳಕಾಗಿಸೋ ಎರಡು ಮೀಡಿಯಾ ಕನ್ವರ್ಟರ್ ತಂದು ಫೈಬರ್ ಹಾಕಬೇಕು, ಗಾಜಿನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ. ಅದಕ್ಕೂ ಮೊದಲು ಒಂದು ಡಿಎಸ್18ಬಿ20 ತಾಪಮಾನ ಸೆನ್ಸರನ್ನು ಕೇಬಲ್ ಹೋಗೋ ಪೈಪಿನೊಳಗೆ ತೂರಿಸಿ ಬಿಸಿಯನ್ನೂ ಇದೇ ಲಾಗ್‌ಗೆ ಸೇರಿಸೋ ಆಸೆ. ಇಎಸ್‌ಪಿ ಬೋರ್ಡ್ (ವೈಫೈ ಇರೋ ಪುಟ್ಟ ಕಂಟ್ರೋಲರ್) ಹೇಗೂ ನೀರಿನ ಟ್ಯಾಂಕ್ ಪ್ರಾಜೆಕ್ಟ್‌ನಿಂದ ಉಳಿದಿದೆ. ಟ್ಯಾಂಕ್ ಪ್ರಾಜೆಕ್ಟ್ ಏನಾಯ್ತು ಅಂತ ಕೇಳಬೇಡಿ.

ಹೊಸ ತಾಮ್ರದ ಕೇಬಲ್ 25 ಮೀಟರ್, ನಡುವೆ ಗಂಟಿಲ್ಲ, ಕಪ್ಲರ್ ಇಲ್ಲ. ನಾಲ್ಕು ಮಧ್ಯಾಹ್ನ ಕಳೆದವು, ಸ್ಪೀಡ್ ಕಾಲಮ್ಮಿನಲ್ಲಿ ಬರೀ 1000. ನಿನ್ನೆ 2:40ಕ್ಕೆ ಕ್ಯಾರಿಯರ್ ಲೆಕ್ಕ ಏರಿದ್ದು ನೋಡಿ ಎದೆ ಧಸಕ್ ಅಂತು. ಕರೆಂಟ್ ಹೋಗಿತ್ತು. ಮೇಲಿನ ಪಿಸಿಗೆ ಯುಪಿಎಸ್ ಇಲ್ಲ.